ಅತ್ತೆಯೋ ಚಿಕ್ಕಮ್ಮನೋ

ತಂಪುಶಕೆ ೧೮೧, ಉರಿಮಾಸದ ನಲವತ್ತೊಂದನೆಯ ದಿನ
ಸಂಡೂರಿನ ತಂಪುಗೇರಿ

ಹಿಂದಿನ ಕಾಲದ ಹಿರಿಯರಿಗೆ ಪಂಪಾವತಿಯ ನಮಸ್ಕಾರಗಳು.

ನಲವತ್ತೊಂದು ದಿನದ ತಿಂಗಳು ಎಲ್ಲಿಯದೆಂದು ಹುಬ್ಬೇರಿಸಬೇಡಿ. ಬೇಸಗೆ ಬೆಳೆದಂತೆ ನಮ್ಮ ತಿಂಗಳೂ ಬೆಳೆದಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಮಾತೂ ನಮಗೆ ಹಾಗೇ ಕೇಳುತ್ತದೆ. ನೀವು ಅದಿರು ಅಗೆದು ಬಿಟ್ಟ ಗುಡ್ಡಗಳ ಹೊಟ್ಟೆಯನ್ನು ಇನ್ನಷ್ಟು ಕೊರೆದು ನಾವು ಸಂಸಾರ ಹೂಡಿದ್ದೇವೆ. ಅದಕ್ಕೇ ತಂಪುಗೇರಿ ಎಂಬ ಹೆಸರು. ಮೆಣಸಿನಕಾಯಿಯನ್ನೂ ದೀಪದ ಬೆಳಕಿನಲ್ಲೇ ಬೆಳೆಯುತ್ತೇವೆ, ಖಾರ ಮಾತ್ರ ಕಡಿಮೆಯಾಗಿಲ್ಲ.

ನನ್ನ ಕೆಲಸ ನೆರಳಾಟಗಳಿಗೆ ಕನ್ನಡದ ಮಾತು ಕೂಡಿಸುವುದು. ನೀವು ಟಿ.ವಿ.ಯಲ್ಲಿ ನೋಡುತ್ತಿದ್ದವುಗಳಲ್ಲಿ ಅಳಿದುಳಿದದ್ದೇ ನೆರಳಾಟ. ಈ ಸಲ ಸಿಕ್ಕದ್ದು ಅಮೆರಿಕದ ಒಂದು ನಗೆಧಾರಾವಾಹಿ. ಅಲ್ಪಾಯುಷಿ, ನಾಲ್ಕಾರು ಕಂತಿಗೇ ನಿಲ್ಲಿಸಿದರಂತೆ. ತಾಯಿ ಸತ್ತ ಹದಿಹರೆಯದ ಹುಡುಗಿಯೊಬ್ಬಳು ಲಾಂಡ್ರಿ ಅಂಗಡಿ ನಡೆಸುವ ಒಂಟಿ ಆಂಟಿಯ ಮನೆಗೆ ಬರುತ್ತಾಳೆ. ಆಂಟಿ ಅಡುಗೆ ಸೀಯಿಸುತ್ತಾಳೆ, ಹುಡುಗಿ ಮೂತಿ ತಿರುವುತ್ತಾಳೆ, ಕಾಣದ ಜನ ಗೊಳ್ಳೆಂದು ನಗುತ್ತಾರೆ. ನಕ್ಕವರೆಲ್ಲ ಸತ್ತು ಶತಮಾನವೇ ಕಳೆದಿದೆ. ಅವರ ಬಾಯಿ ಮುಚ್ಚಿಸುವ ವಿದ್ಯೆ ನಮಗೆ ಗೊತ್ತಿಲ್ಲ. ಹುಡುಗಿ ಅಳುವಾಗಲೂ ಹಿಂದೆಲ್ಲೋ ಒಬ್ಬಿಬ್ಬರು ನಗುತ್ತಿರುತ್ತಾರೆ.

ನಾನು ಎಡವಿದ್ದು ಒಂದೇ ಪದಕ್ಕೆ. ಆಕೆ ಹುಡುಗಿಯ ತಾಯಿಯ ತಂಗಿಯೋ, ತಂದೆಯ ಒಡಹುಟ್ಟಿದವಳೋ ಎಂದು ಹೇಳುವ ಮೊದಲೇ ಆಟ ನಿಂತುಹೋಗಿದೆ. ಅವರ ಭಾಷೆಗೆ ಒಂದೇ ಪದ ಸಾಕು, ನಮಗೆ ಸಾಲದು. ಆಂಟಿ ಎಂದೇ ಬಿಡೋಣವೆಂದರೆ ಹಾದಿಯಲ್ಲಿ ಹೋಗುವ ಹೆಂಗಸರೆಲ್ಲ ಆಂಟಿಯರೇ. ಅತ್ತೆ ಎಂದರೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯೇ ಮೊದಲು ನೆನಪಾಗುತ್ತದೆ. ಪದದೊಳಗೆ ಅಮ್ಮ ಇದ್ದಾಳಲ್ಲ ಎಂದು ಚಿಕ್ಕಮ್ಮ ಎಂದು ಬರೆದೆ.

ಹುಡುಗಿಯ ಮಾತು ಆಡಬೇಕಾದವಳು ನೀಲಗಂಗಾ, ನನ್ನ ಅಣ್ಣನ ಮಗಳು. ಗಾಳಿಗೊಳವೆ ಸರಿಪಡಿಸಲು ಬಿಸಿಲಿಗೆ ಹೋದ ಅಣ್ಣ ಅತ್ತಿಗೆ ಮರಳಲಿಲ್ಲ. ಅಂದಿನಿಂದ ಅವಳು ನನ್ನ ಮನೆಯಲ್ಲಿದ್ದಾಳೆ, ನನ್ನನ್ನು ಏನೆಂದೂ ಕರೆದಿಲ್ಲ. 'ಇಲ್ನೋಡು', 'ಉಣ್ಣಾಕ ಬರ್ತೀಯೇನು', ಇಷ್ಟೇ. ಉರಿಮಾಸ ಮುಗಿದರೆ ಅವಳಿಗೆ ಮೇಲುಗೆಲಸದ ವಯಸ್ಸು, ಎಂದರೆ ಬಿಸಿಲಿನಡಿಯ ದುಡಿಮೆ. ಹೋಗಿಯೇ ತೀರುತ್ತೇನೆ, ಅವ್ವನನ್ನು ಹುಡುಕುತ್ತೇನೆ ಎನ್ನುತ್ತಾಳೆ. ಅಲ್ಲಿ ಹೆಚ್ಚು ಕಾಲ ಬಾಳಿದವರಿಲ್ಲ. ಸುತ್ತಿಬಳಸುವುದೇಕೆ, ಅವಳು ಹೋದರೆ ನಾನು ಬದುಕಲಾರೆ.

ನಾನು ಬರೆದ ಪದ ನೋಡಿದವಳೇ ಹಾಳೆಯನ್ನು ಪಕ್ಕಕ್ಕಿಟ್ಟಳು. "ಚಿಕ್ಕಮ್ಮ ಅಂದ್ರ ಅವ್ವನ ಜಾಗಕ್ಕ ಬಂದಾಕಿ. ಈಕಿ ಎಲ್ಲೂ ಬಂದಿಲ್ಲ, ಹುಡುಗೀನೇ ಈಕಿ ಮನಿಗೆ ಬಂದಾಳ. ಅತ್ತಿ ಅಂತ ಬರಿ" ಎಂದಳು. ನಾನು ತಿದ್ದಿದೆ.

ಉಳಿದಿರುವ ಕೊನೆಯ ಕಂತಿನಲ್ಲಿ ಹುಡುಗಿ ಜಗಳವಾಡಿ ಮನೆ ಬಿಡುತ್ತಾಳೆ. ಮತ್ತೆ ಚೀಲ ಹಿಡಿದು ಬಂದು, ಮುಚ್ಚಿದ ಬಾಗಿಲು ಬಡಿದು, ಅತ್ತೆಯನ್ನು ಕೂಗುತ್ತಾಳೆ. ಅಲ್ಲಿಗೆ ಎಲ್ಲ ಕಡಿದುಹೋಗಿದೆ. ನೀಲಗಂಗಾ ಆ ದೃಶ್ಯವನ್ನು ಗೋಡೆಯ ಮೇಲೆ ಬಿಟ್ಟುಕೊಂಡು ದಿನವೂ ಕೂಗುತ್ತಾಳೆ. ಚಿತ್ರದ ಆ ಬಾಗಿಲು ತೆರೆದರೆ ತಾನು ಇಲ್ಲೇ ಇರುತ್ತಾಳಂತೆ, ಇಲ್ಲದಿದ್ದರೆ ಮೇಲೆ ಹೋಗುತ್ತಾಳಂತೆ. ತೆರೆಯುವ ಚಿತ್ರ ಲೋಕದಲ್ಲೇ ಉಳಿದಿಲ್ಲ ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬಾಗಿಲ ಹಿಂದೆ ಹೆಜ್ಜೆಯ ಸಪ್ಪಳವಾಗುತ್ತದೆ ಎನ್ನುತ್ತಾಳೆ. ನನಗೂ ಒಮ್ಮೆ ಕೇಳಿಸಿತು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಆ ಆಟ ಕಟ್ಟಿದವರು ನಿಮ್ಮ ಕಾಲದಲ್ಲಿ ಇನ್ನೂ ಬದುಕಿರಬೇಕು. ಆಕೆ ಬಾಗಿಲು ತೆಗೆಯುವವಳಿದ್ದಳೇ ಎಂದು ಕೇಳಿ, ಉತ್ತರವನ್ನು ನಮ್ಮ ಗುಡ್ಡದ ಯಾವುದಾದರೂ ಬಂಡೆಯ ಮೇಲೆ ಕೆತ್ತಿಸಿಡಿ. ಹುಡುಕಿಕೊಳ್ಳುವುದು ನಮಗಿರಲಿ.

ಇಲ್ಲಿಗೆ ನಿಲ್ಲಿಸಬೇಕು. ಪಕ್ಕದ ಕೋಣೆಯಿಂದ 'ಅತ್ತೀ' ಎಂಬ ಕೂಗು ಬರುತ್ತಿದೆ. ಕರೆಯುತ್ತಿರುವುದು ಗೋಡೆಯ ಮೇಲಿನವಳನ್ನೋ ನನ್ನನ್ನೋ ತಿಳಿಯದು. ನನ್ನನ್ನಲ್ಲವಾದರೂ ಸರಿ, ಓಗೊಡುತ್ತೇನೆ.