ರಾಗಿಕಲ್ಲಿನ ಸುತ್ತ ಆರು ಅಂಕಿ

ಹಳೇಕೋಟೆ, 1962

ಅಕ್ಕಾ,

ನೀನು ತೀರಿಕೊಂಡ ಮೇಲೆ ನಮ್ಮನೆ ರಾಗಿ ಮಿಲ್ಲಿಗೆ ಹೋಗುತ್ತೆ. ಆದರೂ ಇವತ್ತು ನಾನು ರಾಗಿಕಲ್ಲಿನ ಮುಂದೆ ಕೂತೆ, ಬೀಸೋದಕ್ಕಲ್ಲ. ಹೊಳೆನರಸೀಪುರದಲ್ಲಿ ನಮ್ಮ ಮೇಷ್ಟರುಗಳ ತರಬೇತಿಯಲ್ಲಿ ಒಂದು ಸಂಖ್ಯೆ ತೋರಿಸಿದರು. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಅದನ್ನ ಸೀಮೆಸುಣ್ಣದಲ್ಲಿ ಮೇಲಿನ ಕಲ್ಲಿನ ಸುತ್ತ ಬರೆದೆ: 1, 4, 2, 8, 5, 7.

ಎರಡರಿಂದ ಗುಣಿಸು, 285714. ಮೂರರಿಂದ ಗುಣಿಸು, 428571. ಆರರ ತನಕ ಅದೇ ಅಂಕಿ, ಅದೇ ಸಾಲು ಕಣಕ್ಕ, ಶುರುವಾಗೋ ಜಾಗ ಮಾತ್ರ ಬೇರೆ. ಥೇಟ್ ಕಲ್ಲು ತಿರುಗಿದ ಹಾಗೆ! ಏಳರಿಂದ ಗುಣಿಸಿದರೆ ಬರೀ ಒಂಬತ್ತುಗಳು. ಇದನ್ನ ಹೀಗೆ ಜೋಡಿಸಿಟ್ಟವರು ಯಾರು?

ಅವ್ವ ಬಂದು ನೋಡಿದಳು. "ಕಲ್ಲಿಗೇನಮ್ಮೀ ಬರೀತಿದ್ದೀಯ? ನೀನೂ ನಿಮ್ಮಕ್ಕನೂ ಪದ ಹೇಳೋದು ಬುಟ್ಟು ಮಗ್ಗಿ ಹೇಳ್ಕಂಡು ಬೀಸ್ತಿದ್ರಿ. ಅದ್ಕೇ ಇಟ್ಟು ತರಿತರಿ ಆಗ್ತಿತ್ತು" ಅಂದು ಒಳಗೆ ಹೋದಳು.

ನಿನ್ನ ಸ್ಕೂಲು ಬಿಡಿಸಿದ ಮೇಲೂ ದಿನಾ ನನ್ನ ಕೈಲಿ ಮಗ್ಗಿ ಹೇಳಿಸ್ತಿದ್ದವಳು ನೀನು.

ಇನ್ನೊಂದು ಸೋಜಿಗ ಕೇಳು. ಈ ಸುತ್ತಿನಲ್ಲಿ ಎದುರುಬದುರು ಅಂಕಿ ಕೂಡಿದರೆ ಎಲ್ಲೇ ಆಗಲಿ ಒಂಬತ್ತೇ. ಎದುರುಬದುರು, ನಾವಿಬ್ಬರೂ ಕೂರ್ತಿದ್ದ ಹಾಗೆ. ನೋಡೋಣ ಅಂತ ಒಬ್ಬಳೇ ಗೂಟ ಹಿಡಿದು ತಿರುಗಿಸಿದೆ. ಕಲ್ಲು ಇಷ್ಟು ಭಾರ ಅಂತ ನನಗೆ ಗೊತ್ತೇ ಇರಲಿಲ್ಲ.

ಅದು ನಿಂತಾಗ ನನ್ನ ಮುಂದೆ ಒಂದು ಇತ್ತು. ನಿನ್ನ ಕಡೆ ಎಂಟು.