ಚಿತ್ರ ಬಾರದ ಮಾನಿಟರ್ ಮುಂದೆ ನಡೆದ ನನ್ನ ವಿಚಾರಣೆ

ವಿಡಿಯೋ ಮೂಲಕ ನ್ಯಾಯ ಹಂಚುವ ಮಾನ್ಯ ವಿಚಾರಣಾಧಿಕಾರಿಗಳೇ,

ನಿಮ್ಮ ಆದೇಶ ಕೈಸೇರಿತು. 'ದೂರುದಾರರು ವಿಚಾರಣೆಗೆ ಹಾಜರಿದ್ದರು. ಪದೇ ಪದೇ ಪ್ರಶ್ನಿಸಿದರೂ ಉತ್ತರಿಸಲಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ' ಎಂದಿದೆ ಅದರಲ್ಲಿ. ನಾನು ಹುಟ್ಟಿನಿಂದಲೇ ಕಿವುಡಿ. ನೀವು ಪ್ರಶ್ನೆ ಕೇಳುತ್ತಿದ್ದಷ್ಟು ಹೊತ್ತೂ ನನ್ನ ಮುಂದಿದ್ದ ಮಾನಿಟರ್‌ನಲ್ಲಿ ಚಿತ್ರವೇ ಇರಲಿಲ್ಲ. ಕಿವಿ ಕೇಳದವಳು ಕಣ್ಣಿಗೂ ಕಾಣದ ಪ್ರಶ್ನೆಗೆ ಹೇಗೆ ಉತ್ತರಿಸಬೇಕು ಎಂದು ತಿಳಿಸುವ ಸುತ್ತೋಲೆ ನಿಮ್ಮ ಬಳಿ ಇದ್ದರೆ ದಯವಿಟ್ಟು ಒಂದು ಪ್ರತಿ ಕಳಿಸಿಕೊಡಿ. ಇದನ್ನೇ ವಿನಯದಿಂದ ನಿಮ್ಮ ಕಚೇರಿಗೆ ಬರೆದಿದ್ದೆ. ಉತ್ತರ ಬರಲಿಲ್ಲ. ಆದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಕಡತ ಓದಲು ನಿಮಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ, ಹಾಗಾಗಿ ನಾನು ಯಾರೆಂದು ಹೇಳಿಬಿಡುತ್ತೇನೆ. ಶಾಂತಿಗ್ರಾಮದವಳು. ಮೈಸೂರಿನ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದೆ, ಅಲ್ಲೇ ಹೊಲಿಗೆ ಕಲಿತೆ. ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವ ಒಂದು ತರಬೇತಿ ಕೇಂದ್ರದಲ್ಲಿ ಹಲವು ವರ್ಷ ಶಿಕ್ಷಕಿಯಾಗಿದ್ದೆ. ರವಿಕೆಯ ಕಟಿಂಗನ್ನು ಬಾಯಲ್ಲಿ ಹೇಳಿ ಕಲಿಸಿದವರನ್ನು ನಾನು ಕಂಡಿಲ್ಲ. ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿಸಿ ತೋರಿಸಬೇಕು. ನಾನು ಹಾಗೇ ತೋರಿಸಿದೆ, ಹುಡುಗಿಯರು ಕಲಿತರು. ಹೊಸದಾಗಿ ಬಂದ ಮೇಲ್ವಿಚಾರಕರಿಗೆ ಮಾತ್ರ ಇದು ಸರಿಕಾಣಲಿಲ್ಲ. 'ಕಿವಿ ಕೇಳದವರು ಕಲಿಸುವುದೆಂದರೇನು, ನಾಳೆ ಅನಾಹುತವಾದರೆ ಹೊಣೆ ಯಾರು' ಎಂದು ಚೀಟಿಯಲ್ಲಿ ಬರೆದುಕೊಟ್ಟು ನನ್ನನ್ನು ಮನೆಗೆ ಕಳಿಸಿದರು. ಅಲ್ಲಿಯವರೆಗೆ ಯಾರ ಬೆರಳಿಗೂ ಒಂದು ಸೂಜಿ ಆಳವಾಗಿ ಚುಚ್ಚಿರಲಿಲ್ಲ. ನಾನು ಕೊಟ್ಟ ದೂರು ಇದೇ.

ವಿಚಾರಣೆಗೆ ಸನ್ನೆ ಭಾಷೆಯ ದುಭಾಷಿ ಇರುತ್ತಾರೆ, ವಿಡಿಯೋದಲ್ಲಿ ಕಾಣುತ್ತಾರೆ ಎಂದು ನಿಮ್ಮ ಕಚೇರಿ ತಿಳಿಸಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಭಾಷೆಯಲ್ಲೇ ನನ್ನ ಮಾತು ಕೇಳುವ ಸರ್ಕಾರವೊಂದಿದೆ ಎಂದುಕೊಂಡೆ. ಕನ್ನಡಿಯ ಮುಂದೆ ನಿಂತು ಏನೇನು ಹೇಳಬೇಕೆಂದು ಕೈಯಲ್ಲಿ ಅಭ್ಯಾಸ ಮಾಡಿದೆ. ನಮ್ಮಣ್ಣನ ಹೆಂಡತಿ ಪ್ರೇಮಕುಮಾರಿ ಅತ್ತಿಗೆ ಮನೆಯಲ್ಲಿ ನನ್ನ ಸನ್ನೆಗಳನ್ನು ಚೆನ್ನಾಗಿ ಬಲ್ಲವರು. ಅವರನ್ನು ಕರೆದುಕೊಂಡು, ನೀವು ಹೇಳಿದ ಕಚೇರಿಗೆ ಬಸ್ಸಿನಲ್ಲಿ ಹೋದೆ. ಅದು ಯಾವ ಊರಿನ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿಯ ಗುಮಾಸ್ತ ಪಾಲಾಕ್ಷ ಕೆಟ್ಟ ಮನುಷ್ಯರಲ್ಲ, ನೀರು ಕೊಟ್ಟರು, ಫ್ಯಾನ್ ಹಾಕಿದರು. ಆದರೆ ದೂರುದಾರರೊಬ್ಬರೇ ಒಳಗಿರಬೇಕು ಎಂಬುದು ನಿಮ್ಮ ನಿಯಮವಂತೆ. ಅತ್ತಿಗೆಯನ್ನು ಬಾಗಿಲಾಚೆ ನಿಲ್ಲಿಸಿದರು.

ಪಾಲಾಕ್ಷ ಕಂಪ್ಯೂಟರ್ ಹಾಕಿ ನಿಮ್ಮ ಕಚೇರಿಗೆ ಸಂಪರ್ಕ ಮಾಡಿದರು. ಚಿತ್ರ ಬಂತು. ನೀಲಿ ಸೀರೆಯುಟ್ಟ ದುಭಾಷಿ ನನಗೆ ಕೈಮುಗಿದರು. ನಾನೂ ಮುಗಿದೆ. ನನಗೆ ಚೆನ್ನಾಗಿ ಕಾಣಲೆಂದು ಪಾಲಾಕ್ಷ ಮಾನಿಟರನ್ನು ನನ್ನ ಕುರ್ಚಿಯ ಕಡೆಗೆ ಎಳೆದು ತಿರುಗಿಸಿದರು. ಅಲ್ಲಿಗೆ ಮುಗಿಯಿತು, ಪರದೆ ಕಪ್ಪಾಯಿತು.

ಆಮೇಲೆ ನಡೆದದ್ದನ್ನು ನೀವು ಅಲ್ಲಿಂದ ನೋಡುತ್ತಲೇ ಇದ್ದಿರಿ. ಅವರು ಮಾನಿಟರ್‌ನ ಗುಂಡಿ ಒತ್ತಿ ಆರಿಸಿದರು, ಮತ್ತೆ ಒತ್ತಿ ಹಚ್ಚಿದರು. ಕಂಪನಿಯ ಹೆಸರು ಬಂತು, ಸಿಗ್ನಲ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಬಂತು, ಮತ್ತೆ ಕತ್ತಲೆ. ಕೆಳಗೆ ಕಿತ್ತಳೆ ಬಣ್ಣದ ಸಣ್ಣ ದೀಪ ಮಿನುಗುತ್ತಿತ್ತು. ಕರೆಂಟ್ ಇದೆ, ಚಿತ್ರ ಮಾತ್ರ ಬಂದು ಸೇರುತ್ತಿಲ್ಲ ಎಂದು ಅದರರ್ಥ. ಅವರು ಮಾನಿಟರ್‌ನ ಪ್ಲಗ್ ಕಿತ್ತು ಬೇರೆ ಕಡೆ ಚುಚ್ಚಿದರು, ಮೌಸ್ ಅಲ್ಲಾಡಿಸಿದರು, ಕೊನೆಗೆ ಮಾನಿಟರ್‌ನ ಪಕ್ಕೆಗೆ ಎರಡೇಟು ಕೊಟ್ಟರು. ಹಿಂದಿನ ಕೇಬಲ್ ಮಾತ್ರ ನೋಡಲಿಲ್ಲ. ಮನೆಯಲ್ಲಿ ಟಿವಿ ಹೀಗಾದಾಗ ಎಲ್ಲರೂ ಮೊದಲು ನೋಡುವುದು ಅದನ್ನೇ. ನಾನು ಎದ್ದು ಹಿಂದಕ್ಕೆ ಕೈಚಾಚಿದೆ. ಅವರು ನನ್ನ ಕೈ ತಡೆದು, ಸಿಪಿಯು ಮೇಲಿದ್ದ ಸ್ಟಿಕ್ಕರ್ ತೋರಿಸಿದರು. 'ಏಜೆನ್ಸಿಯವರ ಹೊರತು ಯಾರೂ ಮುಟ್ಟಕೂಡದು' ಎಂದಿತ್ತು. ನಾನು ಕೂತೆ. ಸಂಪರ್ಕ ಹೋಗಿದೆ, ಮತ್ತೆ ಬರುತ್ತದೆ, ಆಮೇಲೆ ವಿಚಾರಣೆ ಶುರುವಾಗುತ್ತದೆ ಎಂದುಕೊಂಡೇ ಕೂತೆ. ಪರದೆಯ ತಲೆಯ ಮೇಲಿದ್ದ ಕ್ಯಾಮೆರಾ ನನ್ನನ್ನು ನಿಮಗೆ ತೋರಿಸುತ್ತಲೇ ಇದೆ ಎಂದು ನನಗೆ ಯಾರು ಹೇಳಬೇಕಿತ್ತು? ನೀವೇ ಅಲ್ಲವೇ?

ಒಳಗೆ ಆಡಿದ ಮಾತೆಲ್ಲ ಬಾಗಿಲಾಚೆ ನಿಂತಿದ್ದ ಅತ್ತಿಗೆಗೆ ಕೇಳಿಸಿದೆ. ಅವರು ಆಮೇಲೆ ನನಗೆ ತಿಳಿಸಿದ್ದನ್ನೇ ಬರೆಯುತ್ತಿದ್ದೇನೆ. ನೀವು ಸ್ಪೀಕರಿನಲ್ಲಿ ಕೇಳಿದಿರಿ: "ಯಾಕಮ್ಮ ಸುಮ್ಮನೆ ಕೂತಿದ್ದೀರಿ? ದೂರು ಕೊಟ್ಟವರು ನೀವೇ ತಾನೆ?"

ಪಾಲಾಕ್ಷ, "ಸಾ, ಇಲ್ಲಿ ಪಿಕ್ಚರ್ ಬತ್ತಾ ಇಲ್ಲ" ಎಂದರು.

"ವಾಯ್ಸ್ ಬರುತ್ತಿದೆಯಲ್ಲ?"

"ವಾಯ್ಸ್ ಕ್ಲಿಯರಾಗೈತೆ ಸಾ."

"ಹಾಗಾದರೆ ಸಾಕು, ಮುಂದುವರಿಸೋಣ" ಎಂದಿರಿ.

ಯಾರಿಗೆ ಸಾಕು, ಮಾನ್ಯರೇ? ಕಿವುಡಿಯ ದೂರಿನ ವಿಚಾರಣೆಯಲ್ಲಿ ಧ್ವನಿ ಕೇಳಿಸಿದರೆ ಸಾಕು ಎಂದು ಹೇಳಲು ಎಷ್ಟು ಓದಿರಬೇಕು, ಯಾವ ಪರೀಕ್ಷೆ ಪಾಸಾಗಿರಬೇಕು?

ಈ ಮಾತು ಕೇಳಿ ಅತ್ತಿಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. "ಒಳಗ್ ಬರಂಗಿಲ್ಲ ಕಣಮ್ಮ" ಎಂದು ಪಾಲಾಕ್ಷ ಅಡ್ಡ ಬಂದರು. "ಅವ್ಳಿಗೆ ಕಿವಿ ಕೇಳಕಿಲ್ಲ ಕಣಪ್ಪ. ಆಯಮ್ಮನ ಕೈ ಕಂಡ್ರೆ ತಾನೇ ಇವ್ಳು ಮಾತಾಡಾದು? ಅಷ್ಟೂ ಗೊತ್ತಾಗಕಿಲ್ವಾ ನಿಮ್ ಸಾಯೇಬ್ರಿಗೆ?" ಎನ್ನುತ್ತ ಅವರು ನೇರ ಮಾನಿಟರ್ ಹಿಂದೆ ಕೈಹಾಕಿ, ಸಡಿಲವಾಗಿ ನೇತಾಡುತ್ತಿದ್ದ ಕೇಬಲ್ಲನ್ನು ಒತ್ತಿ ಸಿಕ್ಕಿಸಿದರು. ಚಿತ್ರ ಬಂತು.

ಚಿತ್ರದಲ್ಲಿ ನಾನು ಕಂಡದ್ದನ್ನು ನಿಮ್ಮ ಆದೇಶ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ದುಭಾಷಿ ಹೆಗಲಿಗೆ ಚೀಲ ಹಾಕಿಕೊಂಡು ಎದ್ದು ನಿಂತಿದ್ದರು. ನಾನು ಅವರನ್ನು ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಚೀಲ ಕೆಳಗಿಟ್ಟು, 'ಅಷ್ಟು ಸಲ ಕೇಳಿದೆನಲ್ಲ, ಯಾಕೆ ಉತ್ತರಿಸಲಿಲ್ಲ?' ಎಂದು ಕೈಯಲ್ಲಿ ಕೇಳಿದರು. 'ನೀವು ಕಾಣಲೇ ಇಲ್ಲ, ಪರದೆ ಕಪ್ಪಾಗಿತ್ತು' ಎಂದೆ. ಅವರ ಮುಖದ ಬಣ್ಣವೇ ಬದಲಾಯಿತು. ಪಕ್ಕದಲ್ಲಿದ್ದ ನಿಮ್ಮ ಕಡೆ ತಿರುಗಿ ನನ್ನ ಮಾತನ್ನು ನಿಮಗೆ ಹೇಳಿದರು. ಇದು ನನ್ನ ಊಹೆಯಲ್ಲ, ಅವರ ಮಾತು ಸ್ಪೀಕರಿನಲ್ಲಿ ಅತ್ತಿಗೆಗೂ ಪಾಲಾಕ್ಷರಿಗೂ ಕೇಳಿಸಿದೆ. ನೀವು ಕೈಗಡಿಯಾರ ನೋಡಿಕೊಂಡಿರಿ. "ಮುಂದಿನ ಕೇಸ್ ಕಾಯ್ತಿದೆ" ಎಂದಿರಿ. ನಾನು ಹೇಳಲು ಶುರು ಮಾಡಿದ್ದೆ, ನನ್ನ ಕೈ ಗಾಳಿಯಲ್ಲಿತ್ತು. ಸಂಪರ್ಕ ಕಡಿದಿರಿ.

ಕೇಬಲ್ ಸಡಿಲವಾದದ್ದು ಆಕಸ್ಮಿಕ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ನಿಜ ತಿಳಿದ ಮೇಲೂ 'ಉತ್ತರಿಸಲಿಲ್ಲ' ಎಂದು ಬರೆಸಿ ಸಹಿ ಹಾಕಿದಿರಲ್ಲ, ಅದು ಯಾವ ಕೇಬಲ್ಲಿನ ದೋಷ? ಬಸ್ಸಿನಲ್ಲಿ ವಾಪಸು ಬರುವಾಗ ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅಳು ಬರಲಿಲ್ಲ. ನನ್ನನ್ನು ಮೂಗಿ ಎಂದು ಕರೆದವರನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅವರು ತಿಳಿಯದೆ ಅಂದವರು. ತಿಳಿದೂ ತಿಳಿದೂ ನನ್ನನ್ನು ಮೂಗಿಯಾಗಿಸಿದವರು ನೀವೊಬ್ಬರೇ.

ಮೇಲ್ಮನವಿ ಹಾಕಬಹುದೆಂದು ಆದೇಶದ ಕೊನೆಯಲ್ಲಿ ಬರೆದು ಉಪಕಾರ ಮಾಡಿದ್ದೀರಿ. ವಿಚಾರಿಸಿದೆ. ಅದರ ವಿಚಾರಣೆಯೂ ವಿಡಿಯೋದಲ್ಲೇ ಅಂತೆ, ಅದೇ ಕೊಠಡಿಯಲ್ಲಿ, ಅದೇ ನಿಯಮದ ಪ್ರಕಾರ ಅತ್ತಿಗೆಯನ್ನು ಹೊರಗೆ ನಿಲ್ಲಿಸಿಯೇ ಅಂತೆ. ನಾನು ಹಾಕುವುದಿಲ್ಲ. ತಪ್ಪು ಮಾಡಿದವರು ನೀವು, ತಿದ್ದಬೇಕಾದವರೂ ನೀವೇ. ಆ ಆದೇಶವನ್ನು ರದ್ದು ಮಾಡಿ. ದೂರುದಾರರಿಗೆ ಚಿತ್ರ ಕಾಣುತ್ತಿದೆಯೇ ಎಂದು ಅವರಿಂದಲೇ ಕೇಳಿ ತಿಳಿಯದೆ ಇನ್ನು ಮುಂದೆ ಯಾವ ಕಿವುಡರ ವಿಚಾರಣೆಯನ್ನೂ ಶುರು ಮಾಡಬೇಡಿ. ಅವರಿಗೆ ಬೇಕಾದವರೊಬ್ಬರನ್ನು ಪಕ್ಕದಲ್ಲಿ ಕೂರಲು ಬಿಡಿ. ನನ್ನ ದೂರನ್ನು ಮಾತ್ರ ನೀವು ಎದುರುಬದುರು ಕೂತು ಕೇಳಬೇಕು. ಎಲ್ಲಿಗೆ ಕರೆದರೂ ಬರುತ್ತೇನೆ. ದುಭಾಷಿಯನ್ನು ಕರೆಸಿ, ಕಿಟಕಿ ತೆರೆಸಿ, ಬೆಳಕಿರುವ ಕಡೆ ನನಗೊಂದು ಕುರ್ಚಿ ಹಾಕಿಸಿ. ನನಗೆ ಹೇಳುವುದು ಬಹಳ ಇದೆ. ಮುಗಿಯುವವರೆಗೆ ನೀವು ಕೂತಿರಬೇಕು.

ಇಂತಿ,
ಸದ್ಯಕ್ಕೆ ಕೆಲಸವಿಲ್ಲದ ಹೊಲಿಗೆ ಶಿಕ್ಷಕಿ
ಕವನಾ
ಶಾಂತಿಗ್ರಾಮ