ಮೂವರಿಗೂ ಜ್ವರ

೮-೨-೧೯೫೬, ಬುಧವಾರ, ಗುಂಡ್ಲುಪೇಟೆ

ಕೋಪ ಇನ್ನೂ ಇಳಿದಿಲ್ಲ. ಸಾವಿನ ಕಾರಣಗಳ ಹೊಸ ಪಟ್ಟಿಯನ್ನು ಜನನ-ಮರಣದ ಲೆಕ್ಕ ಬರೆಯುವ ಹಳ್ಳಿಗಳ ಪಟೇಲರಿಗೆ ಕಲಿಸುತ್ತ ದಿನವಿಡೀ ಗಂಟಲು ಹರಿದುಕೊಂಡೆ. ಕೊನೆಗಳಿಗೆಯಲ್ಲಿ ಕಂಡ ಲಕ್ಷಣವನ್ನಲ್ಲ, ಸಾವಿಗೆ ಮೂಲವಾದ ಕಾಯಿಲೆಯನ್ನು ಬರೆಯಿರಿ ಎಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಭೀಮನಬೀಡಿನ ಪಟೇಲ ಸಿದ್ದಮಲ್ಲಪ್ಪ, ಹೆರಿಗೆಯಾದ ವಾರದಲ್ಲೇ ನಂಜೇರಿ ಸತ್ತ ತನ್ನ ತಮ್ಮನ ಹೆಂಡತಿ ಪುಟ್ಟಮಲ್ಲಮ್ಮನ ಹೆಸರಿನ ಮುಂದೆ ‘ಜ್ವರ’ ಎಂದು ಬರೆದ.

“ಬಾಣಂತಿ ನಂಜು ಅಂತ ಬರೀರಿ. ಪಟ್ಟಿಯಲ್ಲಿ ಅದಕ್ಕೇ ಬೇರೆ ನಂಬರಿದೆ,” ಎಂದೆ.

“ಅದೆಂಗ ಬರೆಯದು ಸಾಮಿ? ಬಾಣಂತಿ ಸತ್ತ ಮನ ಅಂದ್ರ ಯಾರು ಎಣ್ಣು ಕೊಟ್ಟಾರು? ನನ್ ತಮ್ಮನ ಮೊದಲ ಇಬ್ರು ಎಂಡ್ರೂ ಇಂಗೇ ಸತ್ರು. ಆಗ್ಲೂ ಜ್ವರ ಅಂತ್ಲೇ ಬರೆದಿವ್ನಿ, ಯಾರೂ ಕೇಳ್ನಿಲ್ಲ.”

ಮೂರು ಹೆಣ ಹೊರಬಿದ್ದ ಮನೆಗೆ ಮರ್ಯಾದೆಯ ಚಿಂತೆ! ಅದೇ ಕತ್ತಲೆ ಕೋಣೆ, ಸೂಲಗಿತ್ತಿಯ ತೊಳೆಯದ ಅದೇ ಕೈ. ಜ್ವರ ಎಂದು ಬರೆದರೆ ಆ ಮನೆಗೆ ನರ್ಸಮ್ಮನನ್ನು ಯಾರು ಕಳಿಸುತ್ತಾರೆ? ಮಸಿಕುಡಿಕೆಯನ್ನು ಅವನ ಮುಖಕ್ಕೆ ಎಸೆಯದೆ ಬಿಟ್ಟದ್ದೇ ಹೆಚ್ಚು.

ಹೊರಡುವಾಗ ಅವನೇ ನಗುತ್ತ ಹೇಳಿದ: “ತಮ್ಮನ್ಗ ಚಂದಕವಾಡೀಲಿ ಒಂದು ಎಣ್ಣು ನೋಡಿವಿ ಸಾಮಿ. ಅದಿನಾರು ವರ್ಸ.”

ನಾಳೆಯ ತರಗತಿ ಚಂದಕವಾಡಿಯಲ್ಲಿ. ಪಟ್ಟಿ ಹಾಳಾಗಲಿ. ಮೊದಲು ಆ ಹುಡುಗಿಯ ಅಪ್ಪನ ಮನೆ ಎಲ್ಲಿದೆ ಎಂದು ಕೇಳಬೇಕು.